ಅಮೀರ್ ಬಿಯ ಬೆಸುಗೆ

ಸಿರಾದಲ್ಲಿ ಯಾರ ಮನೆಯ ಪಂಪು ಸ್ಟೌ ಕೆಟ್ಟರೂ, ಯಾವ ಮದುವೆ ಮನೆಯ ಗ್ಯಾಸ್‌ಲೈಟು ಮಿಣಮಿಣ ಅಂದರೂ ಜನ ಅಮೀರ್ ಬಿಯ ಬಾಗಿಲಿಗೇ ಬರುತ್ತಿದ್ದರು. ಬಂದವರು ಏನು ಕೆಟ್ಟಿದೆ ಎಂದು ಹೇಳುವ ಮೊದಲೇ ಅವಳು ಸ್ಟೌ ಎತ್ತಿ ಅಲ್ಲಾಡಿಸಿ, ಎರಡು ಸಲ ಪಂಪು ಹೊಡೆದು, ತಲೆ ಓರೆ ಮಾಡಿ ಕೇಳುತ್ತಿದ್ದಳು. ಗಾಳಿ ಎಲ್ಲಿ ಸೋರುತ್ತಿದೆ ಅನ್ನುವುದು ಅವಳ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಆದರೂ ಅವಳನ್ನು ಯಾರೂ ಮೇಸ್ತ್ರಿ ಅನ್ನುತ್ತಿರಲಿಲ್ಲ. ಸ್ಟೌ ಬೂಬಮ್ಮ ಅನ್ನುತ್ತಿದ್ದರು. ಮೇಸ್ತ್ರಿ ಅನ್ನುತ್ತಿದ್ದದ್ದು ಅವಳ ಗಂಡ ಶಫೀವುಲ್ಲಾನನ್ನು. ಅವನು ತೀರಿಕೊಂಡ ಮೇಲೆ ಅವನ ಶಿಷ್ಯ ಲಿಯಾಕತ್ ಅಲಿಯನ್ನು.

ಶಫೀವುಲ್ಲಾನಿಗೆ ಪೇಟೆಯಲ್ಲಿ ಅಂಗಡಿ ಇತ್ತು. ಕೈಗೆ ಬಗ್ಗದ ಕೆಲಸ ಬಂದರೆ ಅದನ್ನು ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದ. ಅವನು ಉಂಡು ಒಂದು ಕೋಳಿನಿದ್ದೆ ತೆಗೆದು ಏಳುವಷ್ಟರಲ್ಲಿ ಅಮೀರ್ ಬಿ ಅಡುಗೆಮನೆಯ ಕೆಂಡದಲ್ಲೇ ಬೆಸುಗೆ ಕಡ್ಡಿ ಕಾಯಿಸಿ, ಸೀಳು ಮುಚ್ಚಿ, ಬರ್ನರಿನ ಕಣ್ಣಿಗೆ ಪಿನ್ನು ಆಡಿಸಿ, ಒರೆಸಿ ಇಟ್ಟಿರುತ್ತಿದ್ದಳು. ಅವನು ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ. ಪೇಟೆಯಲ್ಲಿ ಹೊಗಳಿಕೆ ಅವನಿಗೆ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಗಂಡನಿಗೆ ತಾನೆ ಎಂದು ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹಚ್ಚಿಕೊಂಡದ್ದು ಅವನು ಸಾಯುವ ಮುಂಚಿನ ದಿನ. ಹಿತ್ತಾಳೆ ಮೂಲೆಗಳ ತೇಗದ ಉಪಕರಣದ ಪೆಟ್ಟಿಗೆಯನ್ನು ಮಂಚದ ಹತ್ತಿರ ತರಿಸಿಕೊಂಡ ಶಫೀವುಲ್ಲಾ, ಅದನ್ನು ಲಿಯಾಕತ್ತನ ಕಡೆ ತಳ್ಳಿದ. ಹೆಂಡತಿಯ ಮುಖ ನೋಡಿ, "ಪಿನ್ನುಗಳು ನಿನಗಿರಲಿ," ಅಂದ. ಅಷ್ಟೇ.

ಅಂದಿನಿಂದ ಲಿಯಾಕತ್ ಸೈಕಲ್ಲಿನ ಹಿಂದೆ ಆ ಪೆಟ್ಟಿಗೆ ಕಟ್ಟಿಕೊಂಡು ಬೀದಿಯಲ್ಲಿ ಹೋದರೆ ಅಮೀರ್ ಬಿಗೆ ಹೊಟ್ಟೆಯೊಳಗೆ ಯಾರೋ ಪಂಪು ಹೊಡೆದಂತಾಗುತ್ತಿತ್ತು. ಈದ್ ದಿನ ಅವನು ತಪ್ಪದೆ ಸಲಾಮಿಗೆ ಬರುತ್ತಿದ್ದ. ಬಾರದೆ ಇದ್ದಿದ್ದರೆ ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು. ಅವನಿಗೆ ಕೊಡುವ ಬಟ್ಟಲಿನ ಶೀರ್ ಕುರ್ಮಾದಿಂದ ಗೋಡಂಬಿ, ದ್ರಾಕ್ಷಿ ಹುಡುಕಿ ಹುಡುಕಿ ತೆಗೆದು, ಬರೀ ಶಾವಿಗೆ ಮುಂದಿಡುತ್ತಿದ್ದಳು. ಅವನು "ಬಹಳ ಚೆನ್ನಾಗಿದೆ ಚಾಚಿ" ಎಂದು ಬಟ್ಟಲು ಬಳಿದು ತಿನ್ನುತ್ತಿದ್ದ. ಅದಕ್ಕೂ ಅವಳಿಗೆ ಉರಿಯುತ್ತಿತ್ತು.

ಇಸವಿ ಐವತ್ತೆಂಟರಲ್ಲೋ ಐವತ್ತೊಂಬತ್ತರಲ್ಲೋ ಮಳೆ ಚೆನ್ನಾಗಿ ಹಿಡಿದು ಕಳ್ಳಂಬೆಳ್ಳದ ಕೆರೆ ತುಂಬಿತು. ಕೆರೆಯ ಮೀನು ಹಿಡಿಯುವ ಗುತ್ತಿಗೆ ಚಿಕ್ಕಹನುಮಯ್ಯನದು. ಆಚೆ ದಡದಲ್ಲಿ ಹಿಡಿದ ಮೀನು ಈಚೆ ಬಸ್ಸಿನ ರಸ್ತೆಗೆ ಹುಟ್ಟು ಹಾಕಿಕೊಂಡು ಬರುವಷ್ಟರಲ್ಲಿ ಬಿಸಿಲಿಗೆ ಮೆತ್ತಗಾಗುತ್ತಿತ್ತು. ಅದಕ್ಕೆ ಅವನು ಬೆಂಗಳೂರಿಗೆ ಹೋಗಿ, ಯುದ್ಧದ ಕಾಲದ ಹಳೆ ಸಾಮಾನು ಮಾರುವವರ ಹತ್ತಿರ ಒಂದು ದೋಣಿ ಮೋಟಾರು ತಂದ. ದೋಣಿಯ ಹಿಂಬದಿಗೆ ಕಚ್ಚಿಸಿ, ರೆಕ್ಕೆಯನ್ನು ನೀರಿಗೆ ಇಳಿಬಿಡುವ ಮೋಟಾರು ಅದು. ನೆತ್ತಿಯ ಮೇಲೇ ಪೆಟ್ರೋಲಿನ ಪುಟ್ಟ ಟ್ಯಾಂಕು. ಅಲ್ಲಿಂದ ಪೆಟ್ರೋಲು ಕೊಳವೆಯಲ್ಲಿ ತಾನಾಗಿ ಕೆಳಗಿಳಿದು ಕಾರ್ಬರೇಟರಿಗೆ ಹೋಗಬೇಕು. ಜನ ಅದಕ್ಕೆ ಬಾಲದ ಮಿಷನ್ನು ಎಂದು ಹೆಸರಿಟ್ಟರು. ಅದನ್ನು ಓಡಿಸಿ ನೋಡಿಕೊಳ್ಳುವುದಕ್ಕೆ ಚಿಕ್ಕಹನುಮಯ್ಯ ಲಿಯಾಕತ್ತನನ್ನು ಇಟ್ಟುಕೊಂಡ.

ಈ ಸುದ್ದಿಯನ್ನೆಲ್ಲ ಅಮೀರ್ ಬಿಗೆ ತಂದು ಮುಟ್ಟಿಸುತ್ತಿದ್ದವಳು ಚಿಕ್ಕಹನುಮಯ್ಯನ ತಂಗಿ ಲಕ್ಕಮ್ಮ. ಸಿರಾಕ್ಕೆ ಮೀನು ಮಾರಲು ಬಂದಾಗಲೆಲ್ಲ ಅವಳು ಅಮೀರ್ ಬಿಯ ಜಗಲಿಯ ಮೇಲೆ ಬುಟ್ಟಿ ಇಳಿಸಿ ಎಲೆಅಡಿಕೆ ಹಾಕುವವಳು.

"ಲಿಯಾಕತ್ ಮೇಸ್ತ್ರಿ ಕಾಕಿ ಬಟ್ಟೆ ಹೊಲಿಸ್ಕಂಡವ್ನೆ ಕಣಮ್ಮ. ದೋಣಿ ಮ್ಯಾಗೆ ನಿಂತ್ಕಂಡ್ರೆ ಕಲೆಕ್ಟ್ರು ನಿಂತಂಗೆ ಕಾಣ್ತಾನೆ."

"ಕಲೆಕ್ಟ್ರು ಮೀನಿನ ನಾತ ಹೊಡಿತಾರಾ?" ಅಂದಳು ಅಮೀರ್ ಬಿ.

"ನಿಂಗ್ಯಾಕಮ್ಮ ಅಷ್ಟು ಹೊಟ್ಟೆವುರಿ?"

"ನಂಗ್ಯಾಕೆ ಉರಿ? ಉರಿ ಏನಿದ್ರೂ ನಮ್ಮನೇಲಿ ಸ್ಟೌಗೆ."

ಒಂದು ದಿನ ಚಿಕ್ಕಹನುಮಯ್ಯನೇ ಬಂದ. ಬೆಳಗಿನ ಜಾವ ಮೀನು ವಿಂಗಡಿಸುವಾಗ ಹಚ್ಚುವ ಎರಡು ಗ್ಯಾಸ್‌ಲೈಟು ರಿಪೇರಿಗೆ ತಂದಿದ್ದ. ಅವುಗಳ ಜೊತೆಗೆ ಜೇಬಿನಿಂದ ಹಿತ್ತಾಳೆಯ ಒಂದು ಮುಚ್ಚಳ ತೆಗೆದ.

"ಬೂಬಮ್ಮ, ಇದು ಬಾಲದ ಮಿಷನ್ನಿನ ಪೆಟ್ರೋಲ್ ಮುಚ್ಚಳ. ಇದ್ರಾಗೊಂದು ಸಣ್ಣ ತೂತೈತೆ. ದೋಣಿ ಒಂದೀಟು ವಾಲಿದ್ರೆ ಪೆಟ್ರೋಲು ಚಿಮ್ಮಿ ಬಿಸಿ ಮಿಷನ್ ಮ್ಯಾಗೆ ಬೀಳ್ತದೆ. ಬೆಂಕಿ ಹತ್ಕಂಡ್ರೆ ನೀರಿನ ಮಧ್ಯೆ ಎಲ್ಲಿಗ್ ಓಡಾನ?"

"ನಿಮ್ಮ ಮೇಸ್ತ್ರಿ ಏನ್ಮಾಡ್ತಾವ್ರೆ?" ಮೇಸ್ತ್ರಿ ಅನ್ನುವುದನ್ನು ಅವಳು ಹುಣಸೆ ಬೀಜ ಉಗುಳಿದಂತೆ ಉಗುಳಿದಳು.

"ಪಾವಗಡಕ್ಕೆ ಹೋಗವ್ನೆ, ಹೆಂಡ್ತಿ ತಮ್ಮನ ನಿಕಾ ಅಂತ. ಬರಾದು ಇನ್ನು ನಾಕು ದಿನ."

ಅಮೀರ್ ಬಿ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ತೂತಿನ ಒಳಗೋಡೆಯಲ್ಲಿ ಸಣ್ಣ ಮರೆ, ಸ್ಕ್ರೂ ತಿರುಗಿ ಕೂರುವ ಸುತ್ತುಗೆರೆ, ಇತ್ತು. ಅಂದರೆ ಅಲ್ಲಿ ಮೊದಲು ಒಂದು ಸ್ಕ್ರೂ ಇದ್ದು ಎಲ್ಲೋ ಬಿದ್ದುಹೋಗಿದೆ, ಅದು ಮುಚ್ಚಿರಬೇಕಾದ ತೂತೇ ಎಂದು ಅವಳು ತೀರ್ಮಾನಿಸಿದಳು. ಸ್ಟೌವಿನ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಸೋರಿ ಸೀಮೆಎಣ್ಣೆ ಮೇಲೇರುವುದಿಲ್ಲ. ಇಪ್ಪತ್ತೈದು ವರ್ಷದಿಂದ ಅವಳ ಕೈಗೆ ಗೊತ್ತಿದ್ದ ಧರ್ಮ ಅದೊಂದೇ: ಎಲ್ಲಿ ತೂತು ಕಂಡರೂ ಮುಚ್ಚು. ಇಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಲಿಯಾಕತ್ತನಿಗೆ ಇದು ಕಾಣಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಸಕ್ಕರೆ ತಿಂದಂತಾಯಿತು.

ತೂತಿಗೆ ಬೆಸುಗೆ ಬಿಟ್ಟು, ಅರದಿಂದ ತಿಕ್ಕಿ, ಅಲ್ಲೊಂದು ತೂತಿತ್ತು ಅನ್ನುವುದೇ ತಿಳಿಯದಂತೆ ಮಾಡಿದಳು. ಒಳಗಡೆ ದಪ್ಪ ಚರ್ಮದ ಹೊಸ ವಾಷರು ಕೂರಿಸಿದಳು.

"ಇನ್ನು ಇದ್ರಿಂದ ಇರುವೆ ಉಸ್ರೂ ಆಚೆಗ್ ಬರಲ್ಲ ಯಜಮಾನ್ರೇ. ನಿಮ್ಮ ಮೇಸ್ತ್ರಿಗೆ ತೋರ್ಸಿ."

ಹತ್ತು ದಿನ ಕಳೆದ ಮೇಲೆ ಲಕ್ಕಮ್ಮ ಬಂದು ಬುಟ್ಟಿ ಇಳಿಸಿದಳು.

"ಮಿಷನ್ನಿಗೆ ಅದೇನ್ ಗರ ಬಡೀತೋ ಕಣಮ್ಮ. ದಡದಾಗೆ ಹಗ್ಗ ಎಳೆದ್ರೆ ಗುರ್ರ್ ಅಂತ ಹೊಂಡ್ತದೆ. ಹತ್ತು ನಿಮಿಷಕ್ಕೆ, ಸರಿಯಾಗ್ ಕೆರೆ ನಡುಮಧ್ಯಕ್ ಹೋಗಿ, ಕೆಮ್ಮಿ ಕೆಮ್ಮಿ ನಿಂತೋಯ್ತದೆ. ನೆನ್ನೆ ನಾಕು ಬುಟ್ಟಿ ಮೀನು ದೋಣ್ಯಾಗೇ ಕೊಳ್ತೋಯ್ತು."

"ಮೇಸ್ತ್ರಿ ಏನಂತಾವ್ರೆ?"

"ಅದೇನೋ ಜೆಟ್ಟಂತೆ, ಪೆಟ್ರೋಲು ಹೋಗೋ ಸೂಜಿ ತೂತಂತೆ. ಬಿಚ್ತಾನೆ, ಊದ್ತಾನೆ, ಹಾಕ್ತಾನೆ. ಮತ್ತೆ ಹೊಂಡ್ತದೆ, ಮತ್ತೆ ನಿಂತ್ಕತದೆ. ಪೆಟ್ರೋಲಾಗೆ ನೀರೈತೆ ಅಂತ ಜರಡಿ ಹಿಡಿದ. ಪ್ಲಗ್ಗು ಹೊಸ್ದು ಹಾಕ್ದ. ನಮ್ಮಣ್ಣ ಅಂತೂ ಕೆಂಡ ಆಗವ್ನೆ. ಕಲೆಕ್ಟ್ರು ಮುಖ ಈಗ ಹರಳೆಣ್ಣೆ ಕುಡ್ದಂಗಾಗೈತೆ."

ಅಮೀರ್ ಬಿ ಆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಪೆಟ್ಟಿಗೆ ಕೊಟ್ಟೆಯಲ್ಲ, ನೋಡು ಈಗ, ಎಂದು ಗೋಡೆಯ ಕಡೆ ತಿರುಗಿ ಗಂಡನಿಗೆ ಹೇಳಿದಳು.

ಮರುದಿನ ಚಿಕ್ಕಹನುಮಯ್ಯ ಮತ್ತೆ ಅವಳ ಬಾಗಿಲಿಗೆ ಬಂದ. ಈ ಸಲ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತ.

"ಬೂಬಮ್ಮ, ನೀವೊಂದು ಕಿತ ಬಂದು ನೋಡ್ಬೇಕು. ನೀವು ಮಿಷನ್ನ ಓಡಿಸಿಕೊಟ್ರೆ ಲಿಯಾಕತ್ನ ಇವತ್ತೇ ಕಳಿಸ್ಬುಡ್ತೀನಿ. ಹಗ್ಗ ಎಳಿಯಾಕೆ, ನಡಿಸಾಕೆ ನಮ್ ಹೈಕ್ಳವ್ರೆ. ಮೇಸ್ತ್ರಿ ನೀವೇ."

ಅವಳ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು. ಪಿನ್ನಿನ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ, ಬೆಸುಗೆ ಕಡ್ಡಿ ಚೀಲಕ್ಕೆ ಹಾಕಿ, ಸೆರಗು ತಲೆತುಂಬ ಹೊದ್ದು ಅವನ ಹಿಂದೆ ಬಸ್ಸು ಹತ್ತಿದಳು.

ಕಳ್ಳಂಬೆಳ್ಳದ ಏರಿಯ ಕೆಳಗೆ ದೋಣಿ ನಿಂತಿತ್ತು. ಲಿಯಾಕತ್ ಮೊಣಕೈವರೆಗೆ ಮಸಿ ಮಾಡಿಕೊಂಡು, ಹಾಸಿದ ಗೋಣಿಯ ಮೇಲೆ ಮೋಟಾರಿನ ಒಂದೊಂದು ಭಾಗವನ್ನೂ ಸಾಲಾಗಿ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಆ ಪೆಟ್ಟಿಗೆ. ಅವಳನ್ನು ಕಂಡು ಎದ್ದು ನಿಂತ.

"ಸಲಾಮ್ ಚಾಚಿ. ನೀವು ಬಂದದ್ದು ಒಳ್ಳೇದಾಯ್ತು." ಕೂರಲು ಒಂದು ಹಲಗೆ ತಂದು ತನ್ನ ಟವೆಲಿನಿಂದ ಒರೆಸಿದ.

ಎಲ್ಲ ನಾಟಕ ಎಂದುಕೊಂಡಳು ಅಮೀರ್ ಬಿ.

"ಏನೇನ್ ನೋಡ್ದೆ?"

"ಕೊಳವೆ ಊದಿದೆ, ಕಟ್ಟಿಲ್ಲ. ಕೆಳಗಡೆ ಗಾಜಿನ ಬಟ್ಟಲು ತೊಳೆದೆ, ಜಾಳಿಗೆ ತೊಳೆದೆ. ಕಾರ್ಬರೇಟರಿನ ತೇಲುಗುಂಡು ಸರಿಯಾಗೇ ಏರಿ ಇಳೀತಾ ಇದೆ. ಜೆಟ್ಟಿಗೆ ಪಿನ್ ಹಾಕಿದೆ. ನಿಂತಾಗ ಪೆಟ್ರೋಲ್ ಮುಗೀತಾ ಅಂತ ಮುಚ್ಚಳ ತೆಗೆದು ನೋಡ್ತೀನಿ, ಅರ್ಧ ಟ್ಯಾಂಕ್ ಇರ್ತದೆ. ಮುಚ್ಚಿ, ಜೆಟ್ ಊದಿ, ಹಗ್ಗ ಎಳೆದ್ರೆ ಹೊರಟುಬಿಡ್ತದೆ. ಆಮೇಲೆ ಮತ್ತೆ ಅದೇ ಕತೆ."

ಎಲ್ಲವನ್ನೂ ಜೋಡಿಸಿ ಅವನು ಅವಳ ಮುಂದೆಯೇ ಒಂದು ಸುತ್ತು ಹೊರಟ. ಅಮೀರ್ ಬಿ ಏರಿಯ ಕಲ್ಲಿನ ಮೇಲೆ ಕೂತು ಕಿವಿ ಕೊಟ್ಟಳು. ಮೊದಲು ಸದ್ದು ತುಂಬಿಕೊಂಡಿತ್ತು. ದೂರ ಹೋದಂತೆ ತೆಳ್ಳಗಾಯಿತು. ಆಮೇಲೆ ಎಳೆದು ಎಳೆದು, ಬತ್ತಿದ ಮೊಲೆಗೆ ಬಾಯಿ ಹಾಕಿದ ಕೂಸಿನಂತೆ ಚೀಪಿ, ನಿಂತುಹೋಯಿತು. ಇದು ಕಸದ ಸದ್ದಲ್ಲ ಎಂದು ಅವಳ ಕಿವಿ ಹೇಳಿತು. ಕಸ ಸಿಕ್ಕಿದರೆ ಸದ್ದು ಮುಗ್ಗರಿಸುತ್ತದೆ. ಇದು ಬಾಯಾರಿಕೆ.

ಪಕ್ಕದಲ್ಲೇ ಲಕ್ಕಮ್ಮ ಗ್ಯಾಸ್‌ಲೈಟಿಗೆ ಸೀಮೆಎಣ್ಣೆ ತುಂಬಲು ಹೊಸ ಡಬ್ಬ ಒಡೆಯುತ್ತಿದ್ದಳು. ಮೊಳೆಯಿಂದ ಒಂದು ಮೂಲೆಗೆ ತೂತು ಹೊಡೆದು ಬಗ್ಗಿಸಿದಳು. ಎಣ್ಣೆ ಒಂದು ಧಾರೆ ಬಂದು, ಗುಳುಕ್ ಎಂದು ನಿಂತಿತು.

"ಥೂ ಇದ್ರ," ಎಂದು ಲಕ್ಕಮ್ಮ ಎದುರು ಮೂಲೆಗೆ ಇನ್ನೊಂದು ತೂತು ಹೊಡೆದಳು. ಎಣ್ಣೆ ಸೊರಸೊರನೆ ಇಳಿಯಿತು.

ಅಮೀರ್ ಬಿ ಕಲ್ಲಿನಿಂದ ಎದ್ದು ನಿಂತಳು.

ಸ್ಟೌನಲ್ಲಿ ಗಾಳಿ ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಅಲ್ಲಿ ತೂತು ಇರಬಾರದು. ಈ ಮಿಷನ್ನಿನಲ್ಲಿ ತಳ್ಳುವವರು ಯಾರೂ ಇಲ್ಲ. ಪೆಟ್ರೋಲು ಮೇಲಿನಿಂದ ತಾನೇ ಇಳಿಯಬೇಕು. ಇಳಿದಷ್ಟು ಜಾಗಕ್ಕೆ ಗಾಳಿ ಬರಬೇಕು. ಗಾಳಿ ಬರುತ್ತಿದ್ದ ಆ ಒಂದೇ ಕಿಂಡಿಗೆ ಬೆಸುಗೆ ಬಿಟ್ಟವಳು ತಾನು. ಸ್ಕ್ರೂ ಇದ್ದದ್ದು ಮುಚ್ಚಿಡುವುದಕ್ಕಲ್ಲ, ಓಡುವಾಗ ಸಡಿಲಿಸುವುದಕ್ಕೆ. ನಿಂತಾಗಲೆಲ್ಲ ಲಿಯಾಕತ್ ಮುಚ್ಚಳ ತೆಗೆದು ನೋಡುತ್ತಿದ್ದ, ಗಾಳಿ ಒಳಗೆ ಹೋಗುತ್ತಿತ್ತು, ಮಿಷನ್ನು ಹೊರಡುತ್ತಿತ್ತು. ಅವನು ಜೆಟ್ ಊದಿದ್ದಕ್ಕೇ ಹೊರಟಿತು ಅಂದುಕೊಂಡು ಮತ್ತೆ ಗಟ್ಟಿಯಾಗಿ ಬಿಗಿಯುತ್ತಿದ್ದ. ಇಬ್ಬರೂ ಒಂದೇ ಮನೆಯ ಕಸುಬು ಕಲಿತವರು, ಇಬ್ಬರಿಗೂ ಕಂಡದ್ದು ಒಂದೇ: ಬಿಗಿಯಾದ ಮುಚ್ಚಳ ಒಳ್ಳೆಯ ಮುಚ್ಚಳ.

ಅಷ್ಟರಲ್ಲಿ ಲಿಯಾಕತ್ ಹೇಗೋ ಮತ್ತೆ ಹೊರಡಿಸಿಕೊಂಡು ದಡಕ್ಕೆ ಬಂದಿದ್ದ. ಚಿಕ್ಕಹನುಮಯ್ಯ ಅವನ ಮೇಲೆ ಹರಿಹಾಯ್ದ.

"ಸಾಕು ಬುಡ್ಲಾ! ಒಂದು ವಾರದಿಂದ ಇದೇ ಆಟ. ನೀನು ಅತ್ಲಾಗ್ ಸರ್ಕೊ. ಬೂಬಮ್ಮ, ನೀವ್ ನೋಡಿ."

ಅಮೀರ್ ಬಿ ದೋಣಿ ಹತ್ತಿದಳು. ತಪ್ಪು ತನ್ನದು ಎಂದು ಹೇಳಿಬಿಟ್ಟರೆ ಒಂದು ಮಾತಿನ ಕೆಲಸ. ಹೇಳದಿದ್ದರೆ ಸಿಗುವುದೂ ಒಂದೇ ಮಾತು, ಆದರೆ ಅದು ಮೇಸ್ತ್ರಿ ಅನ್ನುವ ಮಾತು. ಅವಳ ಕಣ್ಣು ಪೆಟ್ಟಿಗೆಯ ಹಿತ್ತಾಳೆ ಮೂಲೆಯ ಮೇಲೆ ಬಿತ್ತು. ಅವನು ಅದನ್ನು ಚೆನ್ನಾಗಿ ಹುಣಸೆಹಣ್ಣು ಹಾಕಿ ಬೆಳಗಿದ್ದ.

"ಹೆಂಗಸರು ಕೆಲ್ಸ ಮಾಡುವಾಗ ಗಂಡಸ್ರು ಮೈಮೇಲ್ ಬೀಳ್ಬೇಡಿ. ಅತ್ತ ಹೋಗಿ," ಅಂದಳು.

ಗಂಡಸರೆಲ್ಲ ಹಿಂದೆ ಸರಿದರು. ಲಿಯಾಕತ್ ಮರ್ಯಾದೆಯಿಂದ ಬೆನ್ನನ್ನೇ ತಿರುಗಿಸಿ ನಿಂತ. ಅವಳು ಜೆಟ್ಟಿನ ಹತ್ತಿರ ಪಿನ್ನು ಆಡಿಸಿದಂತೆ ಮಾಡಿ, ಮೆಲ್ಲಗೆ ಮುಚ್ಚಳ ತಿರುಗಿಸಿ, ಚರ್ಮದ ವಾಷರನ್ನು ಕಿತ್ತು ಎಡಗೈ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು. ಮುಚ್ಚಳವನ್ನು ಸಡಿಲವಾಗಿ ಕೂರಿಸಿ, ಪೆಟ್ರೋಲು ಚಿಮ್ಮದಂತೆ ಸುತ್ತ ಒಂದು ಬಟ್ಟೆ ಸುತ್ತಿದಳು.

"ಓಡಿಸ್ನೋಡಿ. ಮುಚ್ಚಳ ಮುಟ್ಬೇಡಿ."

ಅವಳು ದಡಕ್ಕಿಳಿದ ಮೇಲೆ ಲಿಯಾಕತ್ತನೇ ಹಗ್ಗ ಎಳೆದ, ದೋಣಿ ಹೊರಟಿತು. ಹತ್ತು ನಿಮಿಷ ಆಯಿತು, ಸದ್ದು ತೆಳುವಾಗಲಿಲ್ಲ. ಆಚೆ ದಡ ಮುಟ್ಟಿ, ಮೀನಿನ ಬುಟ್ಟಿ ಹೇರಿಕೊಂಡು, ಅದೇ ಸದ್ದಿನಲ್ಲಿ ಈಚೆ ದಡಕ್ಕೆ ಬಂತು. ಚಿಕ್ಕಹನುಮಯ್ಯ ಮಂಡಿಯುದ್ದ ನೀರಿಗೆ ಹಾರಿ ಕೂಗಿದ.

"ಅಬ್ಬಬ್ಬಾ! ಮೇಸ್ತ್ರಿ ಅಂದ್ರೆ ಬೂಬಮ್ಮ ಕಣ್ರಲಾ!"

ಬಲೆಯವರೆಲ್ಲ ಅದನ್ನೇ ಕೂಗಿದರು. ಮೂರು ವರ್ಷದಿಂದ ಅವಳ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದಕ್ಕೆ ಒಂದು ಚೊಂಬು ತಣ್ಣೀರು ಸುರಿದಂತಾಯಿತು.

ಲಿಯಾಕತ್ ದೋಣಿಯಿಂದ ಇಳಿದು ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಲೆಕ್ಕ ತಪ್ಪಿದವನ ಮುಖ ಇತ್ತು.

"ಎಲ್ಲಿತ್ತು ಚಾಚಿ?"

"ಜೆಟ್ಟಲ್ಲಿ. ಕಸ."

"ಜೆಟ್ ನಾನು ಏಳು ಸಲ ಬಿಚ್ಚಿದ್ದೆ."

ಅವನು ತನ್ನ ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡ.

"ಹಂಗಾದ್ರೆ ಈ ಕೈಯಲ್ಲಿ ಇನ್ನು ಏನೂ ಇಲ್ಲ. ಮುಚ್ಚಳ ಒಂದು ಬಿಟ್ಟು ಎಲ್ಲಾನೂ ಜಾಲಾಡಿದ್ದೆ."

"ಮುಚ್ಚಳ ಯಾಕ್ಲಾ ಬುಟ್ಟೆ?" ಅಂದ ಚಿಕ್ಕಹನುಮಯ್ಯ.

"ಅದು ಚಾಚಿ ಬೆಸುಗೆ ಅಂತ ನೀವೇ ಹೇಳಿದ್ರಲ್ಲ ಯಜಮಾನ್ರೇ. ಅದನ್ನೇನು ನೋಡೋದು? ಉಸ್ತಾದ್ ನನಗೆ ಕಲಿಸಿದ ಮೊದಲ ಪಾಠವೇ ಅದು. ಅಂಗಡೀಲಿ ನಾನು ಬೆಸುಗೆ ಬಿಟ್ಟಿದ್ರೆ ಎರಡು ಸಲ ನೋಡು, ಮನೆಯಿಂದ ಬಂದ ಬೆಸುಗೆಗೆ ಕೈ ಹಾಕ್ಬೇಡ, ಅದು ನನಗಿಂತ ದೊಡ್ಡ ಕೈ, ಅಂತಿದ್ರು."

ನನಗಿಂತ ದೊಡ್ಡ ಕೈ. ಇಪ್ಪತ್ತೆರಡು ವರ್ಷ ಅಮೀರ್ ಬಿಯ ಎದುರು ಕೂತು ಉಂಡವನು ಒಂದು ದಿನವೂ ಆ ಮಾತು ಅವಳಿಗೆ ಹೇಳಿರಲಿಲ್ಲ. ಅದನ್ನೂ ಇವನಿಗೇ ಕೊಟ್ಟು ಹೋಗಿದ್ದ. ಪೆಟ್ಟಿಗೆಯೇನು ಮಹಾ, ಮರದ್ದು. ಆ ಮಾತು ಇಷ್ಟು ವರ್ಷ ಈ ಹುಡುಗನ ಜೇಬಿನಲ್ಲಿ ತಣ್ಣಗೆ ಕೂತಿತ್ತಲ್ಲ ಎಂದು ಅವಳಿಗೆ ಹಿಂದೆಂದೂ ಆಗದಷ್ಟು ಹೊಟ್ಟೆ ಉರಿಯಿತು. ಅದೇ ಉರಿಯಲ್ಲಿ ಇನ್ನೊಂದೂ ಕಂಡಿತು. ದೊಡ್ಡ ಕೈ ಎಂದು ನಂಬಿ ಇವನು ಮುಚ್ಚಳ ಮುಟ್ಟಲಿಲ್ಲ. ಆ ದೊಡ್ಡ ಕೈ ಈಗ ವಾಷರು ಬಚ್ಚಿಟ್ಟುಕೊಂಡು ನಿಂತಿದೆ. ಆ ಮಾತು ತನ್ನದಾಗಬೇಕಾದರೆ ಈ ಮುಷ್ಟಿ ಬಿಚ್ಚಲೇಬೇಕು.

ಮುಷ್ಟಿ ಬಿಚ್ಚಿದಳು.

"ಕಸ ಅಲ್ಲ. ಸುಳ್ಳು ಹೇಳ್ದೆ. ಆ ತೂತು ಮಿಷನ್ನಿನ ಉಸಿರು. ಅದನ್ನ ಮುಚ್ಚಿದವಳು ನಾನು. ಸ್ಟೌ ಲೆಕ್ಕದಲ್ಲಿ ಮುಚ್ಚಿಬಿಟ್ಟೆ. ಈಗ ಈ ವಾಷರು ಕಿತ್ತು ಗಾಳಿ ಬಿಟ್ಟಿದೀನಿ, ಅಷ್ಟೇ. ಲಿಯಾಕತ್ತಂದು ಒಂದೂ ತಪ್ಪಿಲ್ಲ."

ಚಿಕ್ಕಹನುಮಯ್ಯ ತಲೆ ಮೇಲೆ ಕೈ ಇಟ್ಟುಕೊಂಡ.

"ಅಲ್ಲ ಬೂಬಮ್ಮ, ನೀವೇ ಕತ್ತು ಹಿಚುಕಿ, ನೀವೇ ಬುಟ್ಟು, ನನ್ನ ಕೈಲಿ ಶಾಬಾಸ್ ಬೇರೆ ಅನ್ನಿಸ್ಕಂಡ್ರಲ್ಲ! ನನ್ ಮೀನಿಗೆ ಯಾರು ಜವಾಬು?"

"ಬುಡಣ್ಣ, ಬಾಯ್ಬಿಟ್ಟು ಹೇಳ್ತಲ್ಲ," ಅಂದಳು ಲಕ್ಕಮ್ಮ. "ನೀನೇ ತೂತು ನೋಡಿ ಹೆದ್ರಕಂಡು ತಗಂಡೋದೋನು."

"ಲಿಯಾಕತ್ತೇ ಇರ್ಲಿ," ಎಂದು ಚಿಕ್ಕಹನುಮಯ್ಯ ಗೊಣಗಿದ. "ನೀವು ಗ್ಯಾಸ್‌ಲೈಟ್ ನೋಡ್ಕಳಿ ಸಾಕು ತಾಯಿ."

ಎಲೆಅಡಿಕೆ ಅಗಿದು ಉಗುಳುವಷ್ಟು ಹೊತ್ತು ಮೇಸ್ತ್ರಿಯಾಗಿದ್ದ ಅಮೀರ್ ಬಿ ಸೆರಗು ಸರಿಮಾಡಿಕೊಂಡಳು. ಲಿಯಾಕತ್ ಮುಚ್ಚಳ ಹಿಡಿದು ಹತ್ತಿರ ಬಂದ.

"ಚಾಚಿ, ಮತ್ತೆ ತೂತು ಕೊರೀಲಾ?"

"ನೀನು ಕೊರೆದ್ರೆ ಎಮ್ಮೆ ನುಗ್ಗೋ ಹಂಗೆ ಕೊರೀತೀಯ. ಕೊಡಿಲ್ಲಿ."

ಲಕ್ಕಮ್ಮನ ಒಲೆಯಲ್ಲಿ ಕಡ್ಡಿ ಕಾಯಿಸಿ ಬೆಸುಗೆ ಕರಗಿಸಿ ತೆಗೆದಳು. ಪೆಟ್ಟಿಗೆಯೊಳಗೆ ಕೈ ಹಾಕಿ, ಕೇಳದೆಯೇ, ಆ ಮರೆಗೆ ಸರಿಹೋಗುವ ಒಂದು ಸಣ್ಣ ಸ್ಕ್ರೂ ಹುಡುಕಿದಳು. ಮಿಷನ್ನು ಹೊತ್ತು ಸಾಗಿಸುವಾಗ ಬಿಗಿ, ಓಡಿಸುವಾಗ ಎರಡು ಸುತ್ತು ಸಡಿಲ ಎಂದು ತೋರಿಸಿಕೊಟ್ಟಳು. ಲಿಯಾಕತ್ ತಲೆಯಾಡಿಸಿ ಹಗ್ಗ ಎಳೆದ. ಆಚೆ ದಡದಲ್ಲಿ ಇನ್ನೂ ಆರು ಬುಟ್ಟಿ ಮೀನು ಕಾಯುತ್ತಿತ್ತು.

ದೋಣಿ ದಡ ಬಿಡುವಾಗ ಅಮೀರ್ ಬಿ ಕಾಲು ಎತ್ತಿ ಒಳಗಿಟ್ಟು, ಬುಟ್ಟಿಗಳ ನಡುವೆ ಕೂತೇಬಿಟ್ಟಳು.

"ನೀವ್ಯಾಕೆ ಚಾಚಿ? ಬಿಸಿಲು."

"ಇರಲಿ ನಡಿ."

ಸ್ವಲ್ಪ ದೂರ ಹೋದ ಮೇಲೆ ಅವಳು ಅವನ ಕಡೆ ತಿರುಗಿದಳು.

"ನಿಮ್ಮ ಉಸ್ತಾದ್ ನನ್ನ ವಿಷಯ ಇನ್ನೇನು ಹೇಳ್ತಿದ್ರು?"

ಲಿಯಾಕತ್ ಏನೋ ಹೇಳಿದ. ಬಾಯಿ ಆಡಿದ್ದು ಕಂಡಿತು, ನಕ್ಕದ್ದು ಕಂಡಿತು, ಮಿಷನ್ನಿನ ಗುರುಗುರು ಎಲ್ಲವನ್ನೂ ನುಂಗಿತು.

"ಏನು?"

ಅವನು ಮತ್ತೆ ಹೇಳಿದ. ಮತ್ತೆ ಕೇಳಲಿಲ್ಲ. ಅವಳ ಗಂಡ ಅವಳ ಬಗ್ಗೆ ಆಡಿದ ಮಾತು ಅವನೊಬ್ಬನಿಗೇ ಕೇಳುತ್ತಿರುವುದು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ನಿಲ್ಸು ಇದನ್ನ! ಮಿಷನ್ ನಿಲ್ಸು ಅಂದೆ!"

ಕೆರೆಯ ನಟ್ಟನಡುವೆ ಮೋಟಾರು ನಿಂತಿತು. ದಡದಿಂದ ಚಿಕ್ಕಹನುಮಯ್ಯನ ಕೂಗು ನೀರಿನ ಮೇಲೆ ತೇಲಿ ಬಂತು. "ಮತ್ತೆ ನಿಂತೋಯ್ತೇನ್ಲಾ?"

ಅವಳು ಬುಟ್ಟಿ ಸರಿಸಿ ಅವನ ಹತ್ತಿರಕ್ಕೆ ಜರುಗಿದಳು.

"ಈಗ ಹೇಳು," ಅಂದಳು ಅಮೀರ್ ಬಿ, ತಲೆ ಓರೆ ಮಾಡಿ. "ಮೊದಲಿಂದ ಹೇಳು. ಒಂದೂ ಇಟ್ಕೋಬೇಡ."